ಪಂಡಿತರು ಬಿಡಿಸದೇ ಹೋದ ಪಥ್ಯ

ಹುಣಸೆಹುಳಿಯ ನೀರಿನಲ್ಲಿ ಬೇಯುವ ಸುವರ್ಣಗೆಡ್ಡೆಗೆ ಒದ್ದೆ ಮಣ್ಣಿನಂಥ ಒಂದು ವಾಸನೆಯಿದೆ. ಇಂದು ಬೆಳಿಗ್ಗೆ ಅದು ಅಡುಗೆಮನೆಯಿಂದ ಜಗಲಿಗೆ ಬಂದಾಗ, ಪತ್ರಿಕೆ ಓದುತ್ತಿದ್ದ ನಾನು ಯಾವ ಕಾರಣವೂ ಇಲ್ಲದೆ ಕುರ್ಚಿಯಿಂದ ಎದ್ದು ನಿಂತೆ. ದೇಹ ಮರೆಯುವುದಿಲ್ಲ. ವಾಸನೆಯ ಹಿಂದೆಯೇ ಬಣಕಲ್ಲಿನ ಪಂಡಿತರು ನೆನಪಾದರು. ಅವರ ಹಿಂದೆ, ಅವರು ನನಗೆ ಮಾಡಿದ ಅವಮಾನಗಳು ಒಂದೊಂದಾಗಿ, ಕ್ರಮ ತಪ್ಪದೆ ಬಂದವು.

ನನಗೆ ಮೂಲವ್ಯಾಧಿ ಇತ್ತು. ಇದನ್ನು ಬರೆಯಲು ಈಗ ಸಂಕೋಚವಿಲ್ಲ. ಪಂಡಿತರ ಕೃಪೆಯಿಂದ ವಿಷಯ ತಿಳಿಯದವರು ಈ ಭಾಗದಲ್ಲಿ ಯಾರೂ ಉಳಿದಿಲ್ಲ. ಆದರೆ ಮೊದಮೊದಲು ನಾನು ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಜೀಪಿನಲ್ಲಿ ಹೋಗುವಾಗ ತೋಟದ ದಾರಿಯ ಪ್ರತಿಯೊಂದು ಕಲ್ಲೂ ನನಗೆ ಪ್ರತ್ಯೇಕವಾಗಿ ಪರಿಚಯವಾಗಿತ್ತು. ಬೆಳೆಗಾರರ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ತೋರಿಸಿದರೆ, ಹಿರಿಯರು ಕೂರಲಿ ಎಂದು ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ನನ್ನ ವಿನಯವನ್ನು ವೇದಿಕೆಯಿಂದಲೇ ಹೊಗಳಿದವರಿದ್ದಾರೆ.

ಆ ವಿನಯವನ್ನು ನಂಬದಿದ್ದವರು ಪಂಡಿತರೊಬ್ಬರೇ. ಆಯುರ್ವೇದ ಕಾಲೇಜಿನಲ್ಲಿ ಓದಿ ಬಂದು ಬಣಕಲ್ಲಿನ ರಸ್ತೆ ಬದಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದರು. ಅದರ ಎದುರಿಗೇ ಬಸ್ಸು ಕಾಯುವವರ ಕಲ್ಲುಬೆಂಚು. ಒಂದು ದಿನ, ಅಲ್ಲಿ ನಿಂತಿದ್ದವರೆಲ್ಲ ಕೇಳುವಂತೆ ರಸ್ತೆಯ ಆಚೆಯಿಂದ ಕೂಗಿದರು:

"ಗೌಡ್ರೇ, ಬೆಂಚು ಖಾಲಿ ಇದೆಯಲ್ಲ, ಯಾಕೆ ಕೂರೋದಿಲ್ಲ ನೀವು? ಬನ್ನಿ ಈಚೆ, ಮಾತಾಡುವ."

ಹೋದೆ. ಮೂಲವ್ಯಾಧಿಗೆ ಶಾಸ್ತ್ರದಲ್ಲಿ ಅರ್ಶಸ್ಸು ಎನ್ನುತ್ತಾರೆ, ಶತ್ರುವಿನಂತೆ ಹಿಂಸಿಸುವುದರಿಂದ ಆ ಹೆಸರು ಎಂದು ವಿವರಿಸಿದರು. ನೋವು ಕಾಣಿಸುವುದು ಕೆಳಗಾದರೂ ಅದು ಹುಟ್ಟುವುದು ಹೊಟ್ಟೆಯಲ್ಲಿ. ಜಠರಾಗ್ನಿ ಮಂದವಾದರೆ ಮಲ ಗಟ್ಟಿಯಾಗುತ್ತದೆ, ಮನುಷ್ಯ ತಿಣುಕುತ್ತಾನೆ, ಅಲ್ಲಿಯ ರಕ್ತನಾಳಗಳು ಊದಿಕೊಳ್ಳುತ್ತವೆ. ರಕ್ತ ಬೀಳದಿದ್ದರೆ ಒಣಮೂಲ, ಬಿದ್ದರೆ ರಕ್ತಮೂಲ. ನನಗೆ ಬೀಳುತ್ತಿತ್ತು. ಹಾಗಾದರೆ ಔಷಧ ಕೊಡಿ ಎಂದೆ. ಕೊಡಲಿಲ್ಲ.

"ರಕ್ತ ಬಿತ್ತು ಅಂದ ಕೂಡಲೇ ಮೂಲವೇ ಅಂತ ಹೇಳೋಕಾಗಲ್ಲ. ಬೇರೆ ಏನಾದ್ರೂ ಇದ್ರೆ? ಮೊದ್ಲು ಚಿಕ್ಕಮಗಳೂರಿಗೆ ಹೋಗಿ ಸರ್ಜನ್ನಿಗೆ ತೋರಿಸ್ಕೊಂಡು ಬನ್ನಿ."

ಯಾವ ಪರೀಕ್ಷೆಗೆ ಹೆದರಿ ನಾನು ಸೊಪ್ಪು ಬೇರಿನ ಮೊರೆ ಹೋಗಿದ್ದೆನೋ, ಸೊಪ್ಪು ಬೇರಿನವರೇ ನನ್ನನ್ನು ಅದೇ ಪರೀಕ್ಷೆಗೆ ದಬ್ಬಿದರು. ಅದರ ವಿವರ ಇಲ್ಲಿ ಬೇಡ. ಕೈಗವಸು ಹಾಕಿಕೊಳ್ಳುತ್ತಾ ಆ ಸರ್ಜನ್ನರು ನಮ್ಮ ತೋಟದ ಕಾಳುಮೆಣಸಿನ ಫಸಲು ವಿಚಾರಿಸಿದರು ಎಂಬುದನ್ನಷ್ಟೇ ದಾಖಲಿಸುತ್ತೇನೆ.

ಮೂಲವ್ಯಾಧಿಯೇ, ಶಸ್ತ್ರಚಿಕಿತ್ಸೆ ಬೇಕಾಗಿಲ್ಲ ಎಂದು ತಿಳಿದ ಮೇಲೆ ಪಂಡಿತರು ಚಿಕಿತ್ಸೆಗೆ ಒಪ್ಪಿದರು. ಆದರೆ ಅವರದೊಂದು ಪದ್ಧತಿಯಿತ್ತು. ಪಥ್ಯವನ್ನು ಅವರು ರೋಗಿಗೆ ಹೇಳುತ್ತಿರಲಿಲ್ಲ. ರೋಗಿ ಸುಳ್ಳು ಹೇಳಬಹುದು, ಅಡುಗೆಮನೆ ಹೇಳಲಾರದು ಎಂಬುದು ಅವರ ಸಿದ್ಧಾಂತ. ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕೈಮುಗಿದು ನಿಂತ ಯಜಮಾನನನ್ನು ದಾಟಿ, ನೇರ ಒಳಗೆ ಹೋಗಿ ನನ್ನ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದರು.

"ಅಯ್ಯೋ, ಇದಕ್ಕಾ ನೀವು ಟಿವಿನೂ ನಿಂತ್ಕೊಂಡೇ ನೋಡ್ತಿದ್ದಿದ್ದು?" ಎಂದು ಅವಳು ಕೇಳಿದ್ದು ಕೊಟ್ಟಿಗೆಯವರೆಗೆ ಕೇಳಿಸಿತು.

ಮಲಗುವ ಮುನ್ನ ಬಿಸಿನೀರಿನಲ್ಲಿ ತ್ರಿಫಲಾ ಚೂರ್ಣ. ಊಟಕ್ಕೆ ಬೆಣ್ಣೆ ತೆಗೆದ ಮಜ್ಜಿಗೆ, ಹುರಿದ ಜೀರಿಗೆ ಹಾಕಿ. ಸೊಪ್ಪು, ಸುವರ್ಣಗೆಡ್ಡೆ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಸ್ವಲ್ಪ ಹೊತ್ತು ಕೂರುವುದು. ಕಕ್ಕಸಿನಲ್ಲಿ ಮೊಬೈಲು ಹಿಡಿದು ಕೂರದಿರುವುದು. ಹಂದಿ ಸಾರು, ಬೆಂಕಿಯಂಥ ಖಾರದ ಜೀರಿಗೆ ಮೆಣಸಿನ ಚಟ್ನಿ ಬಂದ್. ಇಷ್ಟನ್ನು ನಾನು ಸಹಿಸಿದೆ. ಪಂಡಿತರು ಹೊರಟು, ಚಪ್ಪಲಿ ಮೆಟ್ಟುತ್ತಾ, ಏನೋ ಸಣ್ಣ ಸಂಗತಿ ಮರೆತಿದ್ದವರಂತೆ ತಿರುಗಿದರು.

"ಕಾಫಿಯೂ ಬೇಡ ಅಮ್ಮಾ. ನಾನು ಹೇಳೋ ತನಕ."

ಅಜ್ಜನ ಕಾಲದಿಂದ ಕಾಫಿ ಬೆಳೆಯುವ ಮನೆಯಲ್ಲಿ ನಿಂತು ಆಡಿದ ಮಾತಿದು!

ಆ ಸಲ ಕಾಫಿ ಒಣಗಿಸುವಾಗಲೇ ಅಕಾಲದಲ್ಲಿ ಒಂದು ಮಳೆ ಬಂದು ಹೋಗಿತ್ತು. ಆಲ್ದೂರಿನ ಕಾಫಿ ವ್ಯಾಪಾರಿ ಸಾಹೇಬರು, ನಮಗೆ ಬಹಳ ಕಾಲದ ಪರಿಚಿತರು, ನೋಡಲು ಬಂದರು. ಕಣದಲ್ಲಿ ಹರವಿದ್ದ ಪಾರ್ಚ್‌ಮೆಂಟನ್ನು, ಎಂದರೆ ಹಣ್ಣಿನ ತಿರುಳು ತೆಗೆದು ತೊಳೆದ ಬೀಜವನ್ನು, ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿ, ಬೀಜ ಕಚ್ಚಿ ನೋಡಿ, ಜಗಲಿಗೆ ಬಂದು ಕೂತರು. ಇನ್ನುಳಿದದ್ದು ರೂಢಿ: ಅದೇ ತೋಟದ ಕಾಫಿಯನ್ನು ಯಜಮಾನ ಮೊದಲು ಗುಟುಕರಿಸಬೇಕು, ವ್ಯಾಪಾರಿ ಆಮೇಲೆ. ನಾವು ಬೆಳೆಗಾರರು ಒಳ್ಳೆಯ ಬೀಜ ಮಾರಿ, ಉಳಿದ ಕಳಪೆ ಕಸರು ಕುಡಿಯುವವರೆಂದು ಅವರಿಗೂ ಗೊತ್ತಿದ್ದರಿಂದ ಹುಟ್ಟಿದ ರೂಢಿ ಅದು. ನನ್ನ ಹೆಂಡತಿ ಅವರ ಮುಂದೆ ಕಾಫಿ ಇಟ್ಟಳು. ನನ್ನ ಮುಂದೆ ಮಜ್ಜಿಗೆ.

ಸಾಹೇಬರು ನನ್ನ ಲೋಟ ನೋಡಿದರು. ಕಣ ನೋಡಿದರು.

"ಏನ್ ಗೌಡ್ರೇ, ನಿಮ್ಮ ಕಾಫಿ ನೀವೇ ಕುಡಿಯಲ್ವಾ? ಮಳೆಗೆ ಬೂಷ್ಟು ಗೀಷ್ಟು ಹಿಡೀತಾ ಹೇಗೆ?"

ಒಂದು ಕಡೆ ಬೆಳೆಯ ಮಾನ, ಇನ್ನೊಂದು ಕಡೆ ನನ್ನದು. ನಿಜ ಹೇಳಿದರೆ ಸಂಜೆಯ ಬಸ್ಸು ಆಲ್ದೂರು ಮುಟ್ಟುವಷ್ಟರಲ್ಲಿ ನನ್ನ ವಿನಯದ ಮೂಲ ಎಲ್ಲರಿಗೂ ತಿಳಿಯುತ್ತದೆ. ಸುಮ್ಮನಿದ್ದರೆ ಗೌಡರ ಕಾಫಿಯನ್ನು ಗೌಡರೇ ಮುಟ್ಟುವುದಿಲ್ಲ ಎಂಬ ಸುದ್ದಿ ಹೋಗುತ್ತದೆ. ಎದ್ದು ಒಳಗೆ ಹೋಗಿ, ಹೆಂಡತಿಯ ಕಣ್ಣು ತಪ್ಪಿಸಿ, ನಾನೇ ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಬಂದೆ. ತುಟಿಯ ಬಳಿ ಒಯ್ದದ್ದೇ ತಡ, ಅಂಗಳದಲ್ಲಿ ಸ್ಕೂಟರು ನಿಂತಿತು. ಹೇಳದೆ ಕೇಳದೆ ಬಂದು ಪಥ್ಯ ಪರಿಶೀಲಿಸುವುದೂ ಪಂಡಿತರ ಪದ್ಧತಿಯೇ.

"ಇಳಿಸಿ ಗೌಡ್ರೇ ಲೋಟ! ಮೂಲವ್ಯಾಧಿ ಇಟ್ಕೊಂಡು ಕಾಫಿ ಕುಡಿತೀರಾ?"

ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರ ಕೈ ನಿಂತಿತು. ಮೇಸ್ತ್ರಿ ನಗು ತಡೆದುಕೊಂಡು ಆಕಾಶ ನೋಡಿದ. ನಾನು ಲೋಟ ಇಳಿಸಿದೆ. ಸಾಹೇಬರು ಮಾತ್ರ ನಗಲಿಲ್ಲ. ಅವರು ಬಂದಾಗಿನಿಂದ ಒಂದೇ ಮಗ್ಗುಲಿಗೆ ವಾಲಿ ಕೂತಿದ್ದುದನ್ನು ನಾನು ಆಗಲೇ ಗಮನಿಸಿದ್ದು.

"ಪಂಡಿತ್ರೇ," ಎಂದರು ಮೆಲ್ಲಗೆ, "ನಂಗೂ ಸ್ವಲ್ಪ ಹಾಗೇ ಇದೆ ಮಾರಾಯ್ರೇ..."

ಬೆಳೆಯ ಮಾನವೇನೋ ಉಳಿಯಿತು. ಆದರೆ ನನ್ನ ಜಗಲಿಯಲ್ಲಿ, ನನ್ನ ಕುರ್ಚಿ ಎಳೆದುಕೊಂಡು, ಪಂಡಿತರು ಅವರನ್ನೇ ವಿಚಾರಿಸುತ್ತಾ ಕೂತರು. ಅವರಿಗೂ ಸರ್ಜನ್ನರ ದಾರಿ ತೋರಿಸಿ, ಕೊನೆಗೆ ಹೇಳಿದರು: "ನಿಮ್ಮದಿನ್ನೂ ಶುರು ಇದ್ದ ಹಾಗೆ ಕಾಣ್ತದೆ. ಅರ್ಧ ಲೋಟ ಕಾಫಿ ಅಡ್ಡಿಲ್ಲ." ಸಾಹೇಬರು ನನ್ನೆದುರೇ ಅದನ್ನು ಕುಡಿದು, "ಫಸ್ಟ್ ಕ್ಲಾಸ್ ಗೌಡ್ರೇ ನಿಮ್ಮ ಕಾಫಿ" ಎಂದರು. ಆ ಅರ್ಧ ಲೋಟವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನನಗೆ ಪೂರ್ತಿ ಗುಣವಾಯಿತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾಫಿಯ ವಿಷಯ ಕೇಳಿದಾಗೆಲ್ಲ ಪಂಡಿತರು, "ಹೇಳ್ತೇನೆ, ಅವಸರ ಏನು?" ಎನ್ನುತ್ತಿದ್ದರು. ಬರಬರುತ್ತಾ ಕೇಳುವುದನ್ನೇ ಬಿಟ್ಟೆ. ನಿಷೇಧಿಸಿದವರೇ ಬಂದು ಹೇಳಬೇಕು. ಅವರನ್ನು ಕೊನೆಯ ಸಲ ನೋಡಿದಾಗ ನಾನು ಆ ಕಲ್ಲುಬೆಂಚಿನ ಮೇಲೆ ಬೆನ್ನು ಆನಿಸಿ ಕೂತಿದ್ದೆ. ಆಚೆಯಿಂದ ನೋಡಿ ಕೈಯೆತ್ತಿದರು, ನಕ್ಕರು, ಏನೋ ಹೇಳಲು ಬಾಯಿ ತೆರೆದರು... ಅಷ್ಟರಲ್ಲಿ ನಡುವೆ ಬಸ್ಸು ಬಂದು ನಿಂತಿತು. ನಾನು ಹತ್ತಿದೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಇಂದು ಗೆಡ್ಡೆಯ ಪಲ್ಯದೊಡನೆ ಮಜ್ಜಿಗೆ ಬಂದಾಗ, ಒಂದು ಲೋಟ ಕಾಫಿ ಕೊಡು ಎಂದೆ. "ಪಂಡಿತ್ರು ಹೇಳಿದ್ರಾ?" ಎಂದಳು ಹೆಂಡತಿ. ತೀರಿಕೊಂಡವರು ಹೇಗೆ ಹೇಳುತ್ತಾರೆ ಎಂದು ರೇಗಿದೆ. ಅವಳು ಮಜ್ಜಿಗೆಯ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದಳು. ಕುಡಿದೆ.

ಅವರ ಅಂಗಡಿಯಲ್ಲಿ ಈಗ ಮೊಬೈಲು ರಿಪೇರಿ ಮಾಡುತ್ತಾರೆ. ಬಣಕಲ್ಲಿಗೆ ಹೋದಾಗ ನಾನು ಆ ಬೆಂಚಿನ ಬಳಿ ಬೇಕೆಂದೇ ಸ್ವಲ್ಪ ಹೊತ್ತು ನಿಂತಿರುತ್ತೇನೆ. ಯಾಕೆ ಕೂರೋದಿಲ್ಲ ಎಂದು ಆಚೆಯಿಂದ ಯಾರೂ ಕೂಗುವುದಿಲ್ಲ. ಆಮೇಲೆ ನಾನೇ ಕೂರುತ್ತೇನೆ.