ಈಯದಲ್ಲಿ ಎರಡು ಬಗೆ

"ಮಗುವಿನ ರಕ್ತದಲ್ಲಿ ಈಯ ಹೆಚ್ಚುಂಟು. ಮನೆಯಲ್ಲಿ ಈಯದ್ದು ಎಂತ ಉಂಟು?" ಎಂದು ನನ್ನ ಮೊಮ್ಮಗಳನ್ನು ನೋಡುತ್ತಿದ್ದ ಡಾಕ್ಟರಮ್ಮ ಕೇಳಿದರು.

ಗದಗಿನಿಂದ ಕಾಸರಗೋಡಿಗೆ ಬಂದು ನಲವತ್ತು ವರ್ಷವಾದರೂ ನನಗೆ ಗೊತ್ತಿದ್ದ ಈಯ ಒಂದೇ, ಪಾತ್ರೆಗೆ ಕಲಾಯಿ ಹಾಕುವ ತವರ. "ಸಾರಿನ ಹಿತ್ತಾಳೆ ಪಾತ್ರೆಗೆ ಹೋದ ತಿಂಗಳು ಹಾಕಿಸಿದ್ದೇನೆ" ಎಂದೆ.

"ತವರ ಬಿಳಿ ಈಯ, ಅಮ್ಮ. ಅದಾದರೆ ತೊಂದರೆ ಇಲ್ಲ. ನಾನು ಕೇಳಿದ್ದು ಕಪ್ಪು ಈಯ, ಸೀಸ. ಹುಳಿ ತಾಗಿದರೆ ಅದು ಸಾರಿಗಿಳಿಯುತ್ತದೆ. ಕಲಾಯಿಯವ ಯಾವುದು ಹಾಕಿದ್ದು?"

ಮೂರು ವರ್ಷದ ಮೊಮ್ಮಗಳಿಗೆ ದಿನಾ ಆ ಹುಳಿಸಾರು ಕಲಸಿ ಉಣ್ಣಿಸಿದವಳು ನಾನೇ. ಆಸ್ಪತ್ರೆಯಿಂದ ನೇರ ಪೇಟೆಗೆ ಹೋಗಿ ಕಲಾಯಿಯವನ ಕುಲುಮೆಯ ಮುಂದೆ ನಿಂತೆ.

"ನೀನು ಹಾಕಿದ್ದು ಬಿಳಿಯದ್ದಾ, ಕಪ್ಪಾ?"

ಅವನು ತಿದಿ ಒತ್ತುತ್ತಲೇ, "ಅದೆಲ್ಲ ನಿಮಗೆಂತಕ್ಕೆ ಅಮ್ಮ?" ಎಂದ.

"ಹೇಳು ಮಾರಾಯ, ಮಗು ಆಸ್ಪತ್ರೆಯಲ್ಲಿ ಉಂಟು."

"ಎರಡೂ ಈಯವೇ ಅಲ್ವಾ ಅಮ್ಮ? ಬರೀ ಬಿಳಿ ಈಗ ಯಾರು ಹಾಕ್ತಾರೆ? ಅರ್ಧಕ್ಕರ್ಧ ಬೆರೆಸಿದ್ದು. ಯಾಕೆ, ಹೊಳಪು ಬರ್ಲಿಲ್ವಾ?"

ಬಂದಿತ್ತು. ಆ ಹೊಳಪಿಗೆ ಮರುಳಾಗಿ ನೆರೆಯ ಐದು ಮನೆಗಳಿಗೆ ಅವನನ್ನು ಕಳಿಸಿದವಳೂ ನಾನೇ. ಇನ್ನು ಮನೆಮನೆಗೆ ಹೋಗಿ ಒಲೆಯ ಮೇಲಿನ ಸಾರು ಚೆಲ್ಲಿಸುವ ಕೆಲಸ ಬೇರೆ ಯಾರ ಪಾಲಿಗೆ ಬಂದೀತು?