ಅಮ್ಮನ ಪಾಲಿನ ವಚನ

ಪ್ರತಿ ಜನವರಿ ಒಂದರಂದು ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಂದು ತಟ್ಟೆ ಬರುತ್ತದೆ. ಅದರಲ್ಲಿ ವಾಗ್ದಾನದ ಕಾರ್ಡುಗಳನ್ನು ಮಗುಚಿಟ್ಟಿರುತ್ತಾರೆ. ನೋಡದೆ ಒಂದನ್ನು ಎತ್ತಬೇಕು. ಅದರಲ್ಲಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಮನೆಯ ಮೂವರ ವಚನಗಳನ್ನೂ ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಒಂಬತ್ತು ವರ್ಷಕ್ಕೆ ಇಪ್ಪತ್ತೇಳು.

ಈ ವರ್ಷ ನಾನೊಬ್ಬಳೇ ಹೋಗಿದ್ದೆ. ಅಪ್ಪನಿಗೆ ಲಕ್ವ ಹೊಡೆದು ಕಾರ್ಖಾನೆಯ ಕೆಲಸ ಮುಗಿದಿತ್ತು. ಮಾರ್ಚ್ ಕೊನೆಗೆ ಭದ್ರಾವತಿಯ ಕ್ವಾರ್ಟರ್ಸ್ ಬಿಡಬೇಕಿತ್ತು. ಅಮ್ಮನ ಹೆಸರಲ್ಲಿ ಎತ್ತಿದ ಕಾರ್ಡಿನಲ್ಲಿ ಸಂಕಟದಲ್ಲಿ ಸೈರಣೆಯಿಂದಿರು ಎಂದಿತ್ತು. ನನ್ನದರಲ್ಲಿ ಪ್ರವಾದಿಯ ಮಾತು: ಸೆರೆಹೋದ ಜನರನ್ನು ದೇವರು ಮರಳಿ ಕರೆತರುವನು, ಅವರು ನೆಮ್ಮದಿಯಾಗಿ ನೆಲೆಸುವರು, ಯಾರೂ ಅವರನ್ನು ಹೆದರಿಸರು. ದಾರಿಯಲ್ಲಿ ಎರಡನ್ನೂ ಅದಲುಬದಲು ಮಾಡಿದೆ. ಅಮ್ಮನಿಗೆ ಧೈರ್ಯ ಬರಲಿ ಅಂತ ಅಷ್ಟೆ. ಅವಳು ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು.

ಫೆಬ್ರವರಿಯಲ್ಲಿ ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆಗೆ ಕೆಳಗಿನ ಮನೆಯೇ ಸಿಕ್ಕಿತು. ಬಾಗಿಲಿಗೆ ಒಂದೇ ಮೆಟ್ಟಿಲು. ಶನಿವಾರದೊಳಗೆ ಹೇಳಿ ಅಂದಿದ್ದರು ಮನೆಯ ಮಾಲೀಕರು.

"ಬೇಡ," ಅಂದಳು ಅಮ್ಮ. "ಇಲ್ಲೇ ಇರ್ತೀವಿ. ನೋಡ್ತಿರು, ಕಾರ್ಖಾನೆಯೋರು ಟೈಮ್ ಕೊಡ್ತಾರೆ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಮಾರಾಯ್ತಿ? ನೀನೇ ತಂದಿದ್ದಲ್ವಾ, ಕನ್ನಡಿ ನೋಡು."

"ಅಮ್ಮಾ, ಅದು ಮನೆಮಠ ಕಳ್ಕೊಂಡು ಸೆರೆ ಹೋದೋರಿಗೆ ಹೇಳಿದ್ದು. ಅವ್ರು ಮೊದಲು ಊರು ಬಿಟ್ಟಿದ್ರು."

"ನೋಡ್ರೀ, ಡೈರಿ ಬರೆಯೋಳು ಪಾಸ್ಟರ್ ಆಗ್ಬಿಟ್ಲು!"

ಅಪ್ಪನಿಗೂ ಅರ್ಧ ಮುಖದಲ್ಲಿ ನಗು ಬಂತು. ಲಕ್ವ ಹೊಡೆದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಕಾರ್ಡಿನ ವಿಷಯ ನನ್ನ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಶನಿವಾರ ಕಳೆಯಿತು, ಮನೆ ಬೇರೆಯವರಿಗೆ ಹೋಯಿತು.

ಟೈಮ್ ಕೊಡಲಿಲ್ಲ. ಕೊನೆಯ ವಾರದಲ್ಲಿ ಸಿಕ್ಕಿದ್ದು ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಗಳ ಮೇಲೆ, ಎರಡನೇ ಮಹಡಿಯ ಮನೆ. ಮೂವತ್ತನಾಲ್ಕು ಮೆಟ್ಟಿಲು. ಸಾಮಾನು ತಂದ ಲಾರಿಯವರೇ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಇಂದಿಗೆ ನೂರ ಹನ್ನೆರಡು ದಿನ. ಅಪ್ಪ ಕೆಳಗಿಳಿದದ್ದು ಎರಡೇ ಸಲ, ಎರಡೂ ಆಸ್ಪತ್ರೆಗೆ.

ಆ ಕಾರ್ಡು ಇಲ್ಲೂ ಕನ್ನಡಿಯಲ್ಲಿದೆ. ಅಮ್ಮ ದೇವರನ್ನು ದೂರುವುದಿಲ್ಲ. "ನನ್ನ ನಂಬಿಕೆನೇ ಸಾಲ್ಲಿಲ್ಲ" ಅನ್ನುತ್ತಾಳೆ. ಸೈರಣೆಯ ಕಾರ್ಡು ನನ್ನ ಡೈರಿಯೊಳಗಿದೆ. ನಿನ್ನೆ ಅವಳ ಕೈಗೆ ಕೊಟ್ಟುಬಿಡೋಣವೆಂದು ತೆಗೆದೆ. ಅಷ್ಟರಲ್ಲಿ ಅಪ್ಪ ಬಾತ್‌ರೂಮಿಗೆ ಹೋಗಬೇಕೆಂದು ಕರೆದರು. ಕಾರ್ಡನ್ನು ಮತ್ತೆ ಡೈರಿಯಲ್ಲಿಟ್ಟೆ. ಅಮ್ಮ ಒಂದು ತೋಳು, ನಾನೊಂದು ತೋಳು ಹಿಡಿದು ಅವರನ್ನು ಎಬ್ಬಿಸಿದೆವು.