ನರಿಯ ಬೀಡಿ

ಅಣ್ಣಾ ನಗರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ನಿವೃತ್ತ ಟಿಕೆಟ್ ಕಲೆಕ್ಟರು ಕನ್ನಡ ಕಥೆಪುಸ್ತಕವನ್ನೂ ಟಿಕೆಟ್ಟಿನ ಹಾಗೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಮಗಳಿಗೆ ಓದಿ ಹೇಳುತ್ತಿದ್ದರು. ಅವರ ಕಥೆಯಲ್ಲಿ ನರಿ ಬೀಡಿ ಸೇದುತ್ತಿತ್ತು, ರಾಜ ಟಿಕೆಟ್ಟಿಲ್ಲದೆ ಸಿಕ್ಕಿಬೀಳುತ್ತಿದ್ದ. ಅನುಮಾನಪಟ್ಟರೆ, "ಬರೆದದ್ದನ್ನೇ ಓದುವುದು ನಾನು" ಎನ್ನುವರು.

ಕನ್ನಡ ಅಕ್ಷರ ಕಂಡರೆ ಓಡುತ್ತಿದ್ದ, ಏನು ಕೇಳಿದರೂ ಅಲ್ಲಿನ ತಮಿಳಲ್ಲೇ ಉತ್ತರಿಸುತ್ತಿದ್ದ ಮಗಳು ಅವರ ಸುಳ್ಳು ಹಿಡಿಯಲೆಂದೇ ಹಟಕ್ಕೆ ಬಿದ್ದು ಓದಲು ಕಲಿತಳು. ಒಂದು ಸಂಜೆ ಪುಸ್ತಕ ಕಿತ್ತುಕೊಂಡು, ಬೆರಳಿಟ್ಟು ಓದಿ, "ತಾತಾ, ಇದರಲ್ಲಿ ಬೀಡಿಯೇ ಇಲ್ಲ" ಎಂದಳು.

ಎಂಥ ಉಪಾಯ ಎಂದು ನಾನು ಅವರನ್ನು ಹೊಗಳಿದೆ.

"ಉಪಾಯ ಎಂತದ್ದು ಮಾರಾಯ್ರೆ. ನಾನು ಕಲಿತದ್ದು ತಮಿಳು ಶಾಲೆಯಲ್ಲಿ. ಚಿತ್ರ ನೋಡಿ ಹೇಳ್ತಾ ಇದ್ದೆ" ಎಂದವರು ಮಗಳ ಕಡೆ ತಿರುಗಿದರು. "ಮುಂದೆ ಓದು ಮಗಾ. ನರಿಗೆ ಕಡೆಗೆ ಎಂತ ಆಯ್ತು?"